ಉಪಕರಣಲಕ್ಷಣ ವಿಚಾರ: ಆ್ಯಪ್ ಬಿಡುಗಡೆಯ ಏಜೆಂಟಿಗೆ ಬರೆಯುವ ವಿವರಣೆಗಳ ಗುಣದೋಷಗಳು

೧. ವಿಷಯ

ವಿಮರ್ಶೆಗೆ ಯೋಗ್ಯವಾದ ಬರವಣಿಗೆಗಳೆಂದರೆ ಕಾವ್ಯ, ನಾಟಕ, ಶಾಸ್ತ್ರಗ್ರಂಥ ಮೊದಲಾದುವೇ ಎಂಬ ಭಾವನೆ ಬಹುಕಾಲದಿಂದ ನೆಲೆಗೊಂಡಿದೆ. ಈಚಿನ ಕೆಲವು ವರ್ಷಗಳಲ್ಲಿ ಹುಟ್ಟಿದ ಬರವಣಿಗೆಯ ಒಂದು ಜಾತಿಯು ಈ ಎಣಿಕೆಯೊಳಕ್ಕೆ ಇನ್ನೂ ಬಂದಿಲ್ಲ. ಅದರ ಒಂದೊಂದು ಕೃತಿಯೂ ನಾಲ್ಕು ಸಾಲಿನಿಂದ ಇಪ್ಪತ್ತು ಸಾಲಿನವರೆಗೆ ಇರುವುದು. ಅದರ ಮೇಲೆ ಕರ್ತೃವಿನ ಹೆಸರಿರುವುದಿಲ್ಲ. ಅದನ್ನು ಮುಖ್ಯವಾಗಿ ಓದತಕ್ಕವನು ಮನುಷ್ಯನೂ ಅಲ್ಲ. ಹೀಗಿದ್ದರೂ ಅದರಲ್ಲಿ ಒಂದು ಪದ ತಪ್ಪಿದರೆ ಆ ತಪ್ಪಿನ ಫಲವನ್ನು ಲಕ್ಷಾಂತರ ಮಂದಿ ಅನುಭವಿಸಬೇಕಾಗುವುದುಂಟು. ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗಾಗಿ ಬರೆಯುವ ಉಪಕರಣ ವಿವರಣೆಗಳೇ ಈ ಬರವಣಿಗೆ. ಅವುಗಳಲ್ಲಿಯೂ ಮೊಬೈಲ್ ಆ್ಯಪುಗಳ ಬಿಡುಗಡೆಗೆ ಸಂಬಂಧಪಟ್ಟವುಗಳನ್ನು ಮಾತ್ರ ಎತ್ತಿಕೊಂಡು ಅವುಗಳ ಗುಣದೋಷಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಪದಾರ್ಥನಿರ್ಣಯ. ಭಾಷಾಮಾದರಿಯೊಂದು ಬರಿಯ ಉತ್ತರವನ್ನು ಬರೆಯುವುದಷ್ಟೇ ಅಲ್ಲದೆ, ಒಪ್ಪಿಸಿದ ಕಾರ್ಯವನ್ನು ಹಂತಹಂತವಾಗಿ ತಾನೇ ನಡಸಿಕೊಂಡು ಹೋಗುವಂತೆ ಏರ್ಪಡಿಸಿದಾಗ ಅದಕ್ಕೆ ಏಜೆಂಟ್ ಎಂದು ಹೆಸರು. ಮಾದರಿಗೆ ಕೈಕಾಲುಗಳಿಲ್ಲ. ಹೊರಗಿನ ವ್ಯವಸ್ಥೆಯಲ್ಲಿ ಒಂದು ಕೆಲಸವಾಗಬೇಕಾದರೆ ಅದಕ್ಕೆ ಉಪಕರಣವನ್ನು, ಎಂದರೆ ಟೂಲನ್ನು, ಕೊಡಬೇಕು. ೨೦೨೩ರ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳಿಗೆ ಫಂಕ್ಷನ್‌ಗಳನ್ನು ಕರೆಯುವ ಶಕ್ತಿಯನ್ನು ಕೊಟ್ಟಿತು. ೨೦೨೪ರ ನವೆಂಬರಿನಲ್ಲಿ ಆಂತ್ರಾಪಿಕ್ ಸಂಸ್ಥೆಯು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಾಮಾನ್ಯ ನಿಬಂಧನೆಯನ್ನು ಪ್ರಕಟಿಸಿದ ಮೇಲೆ ಉಪಕರಣಗಳನ್ನು ಬರೆಯುವ ರೀತಿಗೆ ಒಂದು ಸ್ಥಿರರೂಪ ಬಂದಿತು. ಅದರಂತೆ ಉಪಕರಣವೊಂದಕ್ಕೆ ಮುಖ್ಯವಾಗಿ ಮೂರು ಅಂಗಗಳು: ಹೆಸರು, ವಿವರಣೆ, ಮತ್ತು ಕೊಡತಕ್ಕ ಮೌಲ್ಯಗಳ ನಮೂನೆ. ಈ ಮೂರನೆಯದನ್ನು ಜೆಸನ್ ಸ್ಕೀಮಾ ಎಂಬ ರೂಪದಲ್ಲಿ ಬರೆಯುವರು.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದಿದೆ. ಉಪಕರಣದ ಒಳಗಿರುವ ಕೋಡನ್ನು ಏಜೆಂಟು ಸಾಮಾನ್ಯವಾಗಿ ಕಾಣುವುದಿಲ್ಲ. ಅದು ಏನು ಮಾಡುವುದೆಂಬ ವಿಷಯದಲ್ಲಿ ಏಜೆಂಟಿಗೆ ಪ್ರತ್ಯಕ್ಷವಿಲ್ಲ. ಅನುಮಾನಕ್ಕೆ ಬೇಕಾದ ವ್ಯಾಪ್ತಿಜ್ಞಾನವೂ ದೃಢವಾಗಿಲ್ಲ. ಉಳಿದಿರುವುದು ಶಬ್ದಪ್ರಮಾಣವೊಂದೇ. ಆಪ್ತವಾಕ್ಯವೇ ಪ್ರಮಾಣವೆಂದು ಶಾಸ್ತ್ರಜ್ಞರು ಹೇಳುವರಷ್ಟೆ. ಆದುದರಿಂದ ವಿವರಣೆಯನ್ನು ಬರೆಯುವ ಎಂಜಿನಿಯರನು ಆಪ್ತನ ಸ್ಥಾನದಲ್ಲಿ ಕುಳಿತಿರುವನೆಂಬುದನ್ನು ಮರೆಯಲಾಗದು.

೨. ಪ್ರಮಾದದ ಗೌರವ

ಬಿಡುಗಡೆಯ ಕಾರ್ಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕಡತದಲ್ಲಿ ತಪ್ಪು ಬರೆದರೆ ಅಳಿಸಬಹುದು. ಓಲೆ ತಪ್ಪಿದರೆ ಇನ್ನೊಂದು ಓಲೆ ಬರೆಯಬಹುದು. ಆ್ಯಪಿನ ಹೊಸ ಆವೃತ್ತಿಯು ಜನರ ಫೋನಿಗೆ ಇಳಿದ ಮೇಲೆ ಅದನ್ನು ಮರಳಿ ಸೆಳೆದುಕೊಳ್ಳುವ ಉಪಾಯ ಬಿಡುಗಡೆ ಮಾಡಿದವನ ಕೈಯಲ್ಲಿಲ್ಲ. ಗೂಗಲ್ ಪ್ಲೇಯಲ್ಲಿ ಪ್ರತಿಯೊಂದು ಬಿಲ್ಡಿಗೂ ವರ್ಷನ್ ಕೋಡ್ ಎಂಬ ಪೂರ್ಣಸಂಖ್ಯೆಯಿರುವುದು. ಹೊಸದಾಗಿ ಕೊಡುವ ಆವೃತ್ತಿಯ ಸಂಖ್ಯೆ ಹಳೆಯದಕ್ಕಿಂತ ಹೆಚ್ಚಾಗಿರಬೇಕು. ರೋಲ್‌ಔಟನ್ನು ನಡುವೆ ನಿಲ್ಲಿಸಿದರೆ ಹೊಸಬರಿಗೆ ಆ ಆವೃತ್ತಿ ಹೋಗದು; ಆದರೆ ಆಗಲೇ ಪಡೆದವರಲ್ಲಿ ಅದು ಹಾಗೆಯೇ ಉಳಿಯುವುದು. ತಿದ್ದಿದ ಇನ್ನೊಂದು ಆವೃತ್ತಿಯನ್ನು ಮೇಲೆ ಕಳುಹಿಸುವುದೊಂದೇ ಪ್ರಾಯಶ್ಚಿತ್ತ. ಆಪಲ್ ಸಂಸ್ಥೆಯ ಆ್ಯಪ್ ಸ್ಟೋರಿನಲ್ಲಿಯೂ ಸ್ಥಿತಿ ಇದೇ.

ಬಸ್ಸಿನ ಟಿಕೆಟನ್ನೋ ಬ್ಯಾಂಕಿನ ಲೆಕ್ಕವನ್ನೋ ಫೋನಿನಲ್ಲಿಯೇ ಇಟ್ಟುಕೊಂಡ ಗೃಹಸ್ಥನಿಗೆ ಬೆಳಗಾಗುವಷ್ಟರಲ್ಲಿ ಆ್ಯಪು ತೆರೆಯದೆ ಹೋದರೆ ಅವನ ದಿನವೇ ಕೆಡುವುದು. ಅವನು ಯಾವ ವಿವರಣೆಯನ್ನೂ ಓದಿದವನಲ್ಲ, ಯಾವ ಏಜೆಂಟನ್ನೂ ಬಲ್ಲವನಲ್ಲ. ಪ್ರಕೃತ ವಿಚಾರದ ಭಾರವೆಲ್ಲ ಅವನ ಮೇಲೆ ಬೀಳುವುದರಿಂದಲೇ ಇದನ್ನು ಪದಗಳ ಚಮತ್ಕಾರವೆಂದು ತಳ್ಳಿಬಿಡಲಾಗದು.

೩. ನಾಮವಿಚಾರ

ಪದಗಳು ಯೌಗಿಕ, ರೂಢ ಮೊದಲಾಗಿ ಹಲವು ವಿಧ. ಅವಯವಾರ್ಥದಿಂದಲೇ ತನ್ನ ಅರ್ಥವನ್ನು ತಿಳಿಸುವುದು ಯೌಗಿಕ. ಅಡಿಗೆ ಮಾಡುವವನು ಪಾಚಕನೆಂಬಂತೆ. ಅವಯವಾರ್ಥದ ಅಪೇಕ್ಷೆಯಿಲ್ಲದೆ ಲೋಕಪ್ರಸಿದ್ಧಿಯಿಂದ ತಿಳಿಸುವುದು ರೂಢ. ರೂಢಪದವು ಆ ಲೋಕದಲ್ಲಿ ಬೆಳೆದವನಿಗೆ ಸುಲಭ, ಹೊರಗಿನಿಂದ ಬಂದವನಿಗೆ ಒಗಟು.

ಇದಕ್ಕೆ ಲಕ್ಷ್ಯವಾಗಿ ಫಾಸ್ಟ್‌ಲೇನ್ ಎಂಬ ಸಾಧನಸಮೂಹವನ್ನು ನೋಡಬಹುದು. ಆ್ಯಪುಗಳ ಬಿಡುಗಡೆಯನ್ನು ಯಾಂತ್ರಿಕವಾಗಿ ನಡಸುವುದಕ್ಕಾಗಿ ೨೦೧೪ರಲ್ಲಿ ಹುಟ್ಟಿದ ಇದರಲ್ಲಿ ಬಿಲ್ಡ್ ಕಟ್ಟುವ ಸಾಧನಕ್ಕೆ ಜಿಮ್ ಎಂದೂ, ಟೆಸ್ಟ್‌ಫ್ಲೈಟಿಗೆ ಏರಿಸುವುದಕ್ಕೆ ಪೈಲಟ್ ಎಂದೂ, ಗೂಗಲ್ ಪ್ಲೇಗೆ ಏರಿಸುವುದಕ್ಕೆ ಸಪ್ಲೈ ಎಂದೂ ಹೆಸರಿಟ್ಟರು. ಅಂಗಸಾಧನೆಯ ಮನೆಗೂ ಬಿಲ್ಡ್ ಕಟ್ಟುವುದಕ್ಕೂ ಏನು ಸಂಬಂಧ? ಹೆಸರಿಟ್ಟವರ ಬಳಗದಲ್ಲಿ ಅದು ರಮ್ಯವಾಗಿದ್ದಿರಬಹುದು. ಮುಂದೆ ಆ ಯೋಜನೆಯವರೇ ಬಿಲ್ಡ್ ಐಓಎಸ್ ಆ್ಯಪ್, ಅಪ್‌ಲೋಡ್ ಟು ಟೆಸ್ಟ್‌ಫ್ಲೈಟ್, ಅಪ್‌ಲೋಡ್ ಟು ಪ್ಲೇ ಸ್ಟೋರ್ ಎಂಬ ಯೌಗಿಕನಾಮಗಳನ್ನು ತಂದು ಹಳೆಯವನ್ನು ಪರ್ಯಾಯನಾಮಗಳಾಗಿ ಉಳಿಸಿಕೊಂಡರು. ಮನುಷ್ಯರಾದ ಓದುಗರಿಗಾಗಿಯೇ ಈ ತಿದ್ದುಪಡಿ ಬೇಕಾಗಿ ಬಂದಿತೆಂದ ಮೇಲೆ, ಹೆಸರನ್ನು ನೋಡಿಯೇ ಉಪಕರಣವನ್ನು ಆರಿಸುವ ಏಜೆಂಟಿನ ವಿಷಯದಲ್ಲಿ ಬೇರೆ ಹೇಳಬೇಕಾದುದಿಲ್ಲ.

ರೂಢಿಗಿಂತಲೂ ಹೆಚ್ಚು ತೊಡಕನ್ನು ತರುವುದು ನಾನಾರ್ಥ. ರಿಲೀಸ್ ಎಂಬ ಪದವನ್ನೇ ತೆಗೆದುಕೊಳ್ಳಿರಿ. ಗೂಗಲ್ ಪ್ಲೇಯಲ್ಲಿ ರಿಲೀಸ್ ಎಂಬುದು ಒಂದು ವಸ್ತು. ಟ್ರ್ಯಾಕ್ ಎಂಬ ಪಂಕ್ತಿಯೊಳಗೆ ಅದು ಇರುವುದು. ಅದಕ್ಕೆ ಕರಡು, ನಡೆಯುತ್ತಿರುವುದು, ನಿಂತುದು, ಪೂರ್ಣವಾದುದು ಎಂಬ ನಾಲ್ಕು ಅವಸ್ಥೆಗಳು. ಆಪಲ್‌ನ ವ್ಯವಹಾರದಲ್ಲಿಯಾದರೋ ಅದು ಹೆಚ್ಚಾಗಿ ಒಂದು ಕ್ರಿಯೆ: ಪರಿಶೀಲನೆಯಲ್ಲಿ ಒಪ್ಪಿಗೆಯಾದ ಆವೃತ್ತಿಯನ್ನು ಜನರಿಗೆ ತೆರೆಯುವುದು. ಎರಡು ಅಂಗಡಿಗಳಿಗೂ ಸೇರಿದ ಉಪಕರಣಗಳನ್ನು ಒಂದೇ ಏಜೆಂಟಿನ ಮುಂದೆ ಹರಡಿ, ಎರಡರಲ್ಲಿಯೂ ರಿಲೀಸ್ ಎಂದಷ್ಟೇ ಬರೆದರೆ ಸೈಂಧವನ್ಯಾಯವಾಗುವುದು. ಊಟಕ್ಕೆ ಕುಳಿತಾಗ ಸೈಂಧವವೆಂದರೆ ಉಪ್ಪು, ಹೊರಡುವಾಗ ಕುದುರೆ. ಕೇಳಿದವನ ಸಂದರ್ಭವನ್ನು ಕಣ್ಣಾರೆ ಕಂಡ ಸೇವಕನಿಗೆ ಪ್ರಕರಣದಿಂದ ತಾತ್ಪರ್ಯ ತಿಳಿಯುವುದು. ವಿವರಣೆಯಲ್ಲಿ ಅಂಗಡಿಯ ಹೆಸರನ್ನು ಬರೆಯದಿದ್ದರೆ ಏಜೆಂಟಿಗೆ ಪ್ರಕರಣವೆಲ್ಲಿಂದ ದೊರೆಯಬೇಕು?

೪. ಲಕ್ಷಣದೋಷಗಳು

ವಿವರಣೆಯೆಂಬುದು ಲಕ್ಷಣವಾಕ್ಯವೇ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಹೇಳಿಕೊಡುವರು. ಗೋವೆಂದರೆ ಕಪಿಲವರ್ಣದ್ದೆಂದರೆ ಅವ್ಯಾಪ್ತಿ, ಕೊಂಬುಳ್ಳದ್ದೆಂದರೆ ಅತಿವ್ಯಾಪ್ತಿ, ಒಂದೇ ಗೊರಸುಳ್ಳದ್ದೆಂದರೆ ಅಸಂಭವ. ಈ ಮೂರೂ ಉಪಕರಣ ವಿವರಣೆಗಳಲ್ಲಿ ಹೇಗೆ ಬರುವುವೆಂಬುದನ್ನು ಒಂದೊಂದಾಗಿ ನೋಡತಕ್ಕದ್ದು.

ಅತಿವ್ಯಾಪ್ತಿ ಬಹುಸಾಮಾನ್ಯವಾದುದು. “ಆ್ಯಪಿನ ಬಿಡುಗಡೆಯನ್ನು ನಿರ್ವಹಿಸುತ್ತದೆ” ಎಂಬ ವಿವರಣೆಯನ್ನು ಕಲ್ಪಿಸಿಕೊಳ್ಳಬಹುದು. ಬಿಲ್ಡನ್ನು ಏರಿಸುವುದು, ಪರೀಕ್ಷಕರಿಗೆ ಕೊಡುವುದು, ಪರಿಶೀಲನೆಗೆ ಒಪ್ಪಿಸುವುದು, ಜನರಿಗೆ ತೆರೆಯುವುದು, ಪ್ರಮಾಣವನ್ನು ಏರಿಸುವುದು, ನಿಲ್ಲಿಸುವುದು, ಇವೆಲ್ಲವೂ ನಿರ್ವಹಣೆಯೇ. ಇವುಗಳಲ್ಲಿ ಒಂದನ್ನೇ ಮಾಡುವ ಉಪಕರಣಕ್ಕೆ ಈ ಲಕ್ಷಣವನ್ನು ಕೊಟ್ಟರೆ ಉಳಿದ ಐದಕ್ಕೂ ಏಜೆಂಟು ಅದನ್ನೇ ಹಿಡಿಯುವುದು. ಪರೀಕ್ಷಕರಿಗೆ ಕೊಡೆಂದು ಹೇಳಿದುದು ಸಾರ್ವಜನಿಕರಿಗೆ ಹೋಗಬಹುದು.

ಅವ್ಯಾಪ್ತಿ ಸೂಕ್ಷ್ಮವಾದುದು. ಆಪಲ್‌ನ ಹಂತದ ಬಿಡುಗಡೆಯು ಏಳು ದಿನಗಳಲ್ಲಿ ನಡೆಯುವುದು. ಅದರ ಪ್ರಮಾಣವು ಕ್ರಮವಾಗಿ ನೂರಕ್ಕೆ ೧, ೨, ೫, ೧೦, ೨೦, ೫೦, ೧೦೦. “ಮೊದಲ ದಿನ ನೂರಕ್ಕೆ ಒಬ್ಬರಿಗೆ ಮಾತ್ರ ಹೊಸ ಆವೃತ್ತಿ ಹೋಗುವುದು” ಎಂದು ವಿವರಣೆಯಲ್ಲಿ ಬರೆದರೆ ನೋಡುವುದಕ್ಕೆ ಸರಿಯಾಗಿಯೇ ಕಾಣುವುದು. ಆದರೆ ಈ ಪ್ರಮಾಣವು ತಾನಾಗಿ ಅಪ್‌ಡೇಟ್ ಆಗುವಂತೆ ಇಟ್ಟುಕೊಂಡವರಿಗೆ ಮಾತ್ರ ಸಂಬಂಧಪಟ್ಟುದು. ಅಂಗಡಿಯನ್ನು ತೆರೆದು ಕೈಯಾರೆ ಅಪ್‌ಡೇಟ್ ಮಾಡಿಕೊಳ್ಳುವವನಿಗೆ ಮೊದಲ ದಿನವೇ ಅದು ದೊರೆಯುವುದು. ಈ ವರ್ಗವನ್ನು ಬಿಟ್ಟ ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಮುಟ್ಟಲಿಲ್ಲ. ತೊಂದರೆ ಬಂದರೂ ನೂರಕ್ಕೆ ಒಬ್ಬರಿಗಿಂತ ಹೆಚ್ಚಾಗಿ ಯಾರಿಗೂ ತಗಲದೆಂದು ಏಜೆಂಟು ಒಡೆಯನಿಗೆ ಭರವಸೆ ಕೊಟ್ಟರೆ ಆ ಸುಳ್ಳು ಏಜೆಂಟಿನದಲ್ಲ, ವಿವರಣಕಾರನದು.

ಅಸಂಭವವೇ ಮೂರರಲ್ಲಿ ಘೋರವಾದುದು. ರೋಲ್‌ಔಟನ್ನು ನಿಲ್ಲಿಸುವ ಉಪಕರಣಕ್ಕೆ ರೋಲ್‌ಬ್ಯಾಕ್ ಎಂದು ಹೆಸರಿಟ್ಟು “ಹಿಂದಿನ ಆವೃತ್ತಿಗೆ ಮರಳಿಸುತ್ತದೆ” ಎಂದು ಬರೆಯುವರೆಂದು ಇಟ್ಟುಕೊಳ್ಳಿ. ಸರ್ವರಿನ ಕೆಲಸದಲ್ಲಿ ಬೆಳೆದವರಿಗೆ ಈ ಮಾತು ಸಹಜ. ಅಲ್ಲಿ ಹಳೆಯದನ್ನು ಮತ್ತೆ ನಿಲ್ಲಿಸಬಹುದು. ಫೋನಿಗೆ ಇಳಿದ ಆವೃತ್ತಿಯ ವಿಷಯದಲ್ಲಿ ಇಂತಹ ಮರಳಿಕೆಯೇ ಇಲ್ಲವೆಂದು ಮೇಲೆ ತಿಳಿಸಿದೆ. ಈ ಲಕ್ಷಣವು ಯಾವ ಲಕ್ಷ್ಯದಲ್ಲಿಯೂ ಇಲ್ಲದ ಧರ್ಮವನ್ನು ಹೇಳುವುದು. ಏಜೆಂಟು ಇದನ್ನು ನಂಬಿ, ಉಪಕರಣವನ್ನು ಕರೆದು, “ಎಲ್ಲರೂ ಹಳೆಯ ಆವೃತ್ತಿಗೆ ಮರಳಿದ್ದಾರೆ” ಎಂದು ವರದಿ ಮಾಡುವುದು. ಒಡೆಯನು ನಿಶ್ಚಿಂತನಾಗಿ ಮಲಗುವನು. ಕೆಟ್ಟ ಆವೃತ್ತಿಯನ್ನು ಪಡೆದವರು ಅದರೊಂದಿಗೇ ಉಳಿಯುವರು. ತಿದ್ದಿದ ಆವೃತ್ತಿಯನ್ನು ಕಟ್ಟುವ ಕೆಲಸವನ್ನು ಯಾರೂ ಆರಂಭಿಸಿರುವುದೇ ಇಲ್ಲ.

೫. ಯೋಗ್ಯತೆ ಮತ್ತು ಸನ್ನಿಧಿ

ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂಬುದು ಪ್ರಸಿದ್ಧ. ಬೆಂಕಿಯಿಂದ ತೋಯಿಸುವನೆಂಬ ವಾಕ್ಯದಲ್ಲಿ ಯೋಗ್ಯತೆಯಿಲ್ಲದುದರಿಂದ ಕೇಳಿದವನು ಅಲ್ಲಿಯೇ ತಡೆಯುವನು. ಉಪಕರಣಕ್ಕೆ ಕೊಡುವ ಸಂಖ್ಯೆಗಳಲ್ಲಿಯಾದರೋ ಅಯೋಗ್ಯವಾದುದೂ ಯೋಗ್ಯವಾದುದರ ವೇಷದಲ್ಲಿ ಬರುವುದುಂಟು.

ಗೂಗಲ್ ಪ್ಲೇಯ ಎಪಿಐಯಲ್ಲಿ ಹಂತದ ರೋಲ್‌ಔಟಿನ ಪ್ರಮಾಣವನ್ನು ಯೂಸರ್ ಫ್ರ್ಯಾಕ್ಷನ್ ಎಂಬ ಹೆಸರಿನಲ್ಲಿ ಕೊಡಬೇಕು. ಅದು ಸೊನ್ನೆಗಿಂತ ಹೆಚ್ಚಾಗಿಯೂ ಒಂದಕ್ಕಿಂತ ಕಡಮೆಯಾಗಿಯೂ ಇರತಕ್ಕ ಭಿನ್ನರಾಶಿ. ವಿವರಣಕಾರನು ಇದಕ್ಕೆ “ರೋಲ್‌ಔಟ್ ಪ್ರಮಾಣ” ಎಂದಷ್ಟೇ ಬರೆದು ಬಿಟ್ಟನೆನ್ನೋಣ. ಒಡೆಯನು ನೂರಕ್ಕೆ ಹತ್ತು ಎಂದಾಗ ಏಜೆಂಟು ೧೦ ಎಂದು ಕೊಟ್ಟರೆ ವ್ಯವಸ್ಥೆಯೇ ಅದನ್ನು ತಳ್ಳಿಹಾಕುವುದು, ಹಾನಿಯಿಲ್ಲ. ಒಡೆಯನು ಎಚ್ಚರಿಕೆಯಿಂದ ನೂರಕ್ಕೆ ಅರ್ಧ, ಎಂದರೆ ಶೇಕಡಾ ೦.೫ ಎಂದು ಹೇಳಿ, ಏಜೆಂಟು ಆ ೦.೫ನ್ನು ಹಾಗೆಯೇ ಕೊಟ್ಟರೆ ತಡೆಯುವವರಾರೂ ಇಲ್ಲ. ಸಂಖ್ಯೆಯು ಸೊನ್ನೆಗೂ ಒಂದಕ್ಕೂ ನಡುವೆ ಇದೆ, ನಮೂನೆಗೆ ಸರಿಯಾಗಿದೆ. ಅದರ ಅರ್ಥ ಮಾತ್ರ ಜನರಲ್ಲಿ ಅರ್ಧ ಪಾಲು! ಹತ್ತು ಲಕ್ಷ ಮಂದಿ ಬಳಸುವ ಆ್ಯಪಿನಲ್ಲಿ ಐದು ಸಾವಿರ ಮಂದಿಗೆ ಹೋಗಬೇಕಾದುದು ಐದು ಲಕ್ಷ ಮಂದಿಯ ಪಾಲಾಗುವುದು. ಕೊಡಬೇಕಾದುದು ೦.೦೦೫. ಹೆಚ್ಚು ಜಾಗರೂಕನಾದವನಿಗೇ ಹೆಚ್ಚು ಹಾನಿಯಾಗುವ ಈ ದೋಷವನ್ನು “೦.೫ ಎಂದರೆ ಶೇಕಡಾ ೫೦” ಎಂಬ ಒಂದು ಪುಟ್ಟ ವಾಕ್ಯ ತಪ್ಪಿಸಬಲ್ಲುದು.

ಸನ್ನಿಧಿಯ ದೋಷಕ್ಕೂ ಅಲ್ಲಿಯೇ ಉದಾಹರಣೆಯುಂಟು. ಗೂಗಲ್ ಪ್ಲೇಯ ಎಪಿಐಯಲ್ಲಿ ಬಿಡುಗಡೆಗೆ ಸಂಬಂಧಪಟ್ಟ ಬದಲಾವಣೆಗಳನ್ನು ಎಡಿಟ್ ಎಂಬ ಕರಡಿನೊಳಗೆ ಮಾಡಿ, ಕಡೆಯಲ್ಲಿ ಕಮಿಟ್ ಮಾಡಬೇಕು. ಕಮಿಟ್ ಆಗದ ಎಡಿಟಿನಲ್ಲಿ ಏನು ಮಾಡಿದರೂ ಹೊರಗೆ ಫಲವಿಲ್ಲ. ಟ್ರ್ಯಾಕನ್ನು ಬದಲಿಸುವುದು ಒಂದು ಉಪಕರಣ, ಕಮಿಟ್ ಮಾಡುವುದು ಇನ್ನೊಂದು ಉಪಕರಣವೆಂದು ಬೇರ್ಪಡಿಸಿ, ಮೊದಲನೆಯದರಲ್ಲಿ ಎರಡನೆಯದರ ಹೆಸರನ್ನೇ ಎತ್ತದಿದ್ದರೆ, ಪ್ರಹರಕ್ಕೊಂದರಂತೆ ಉಚ್ಚರಿಸಿದ ಪದಗಳ ಗತಿಯಾಗುವುದು. ರೋಲ್‌ಔಟನ್ನು ನಿಲ್ಲಿಸೆಂಬ ಆಜ್ಞೆಯಾಗಿದೆ. ಏಜೆಂಟು ಕರಡಿನಲ್ಲಿ ನಿಲ್ಲಿಸಿದೆ. ಹೊರಗೆ ಕೆಟ್ಟ ಆವೃತ್ತಿ ಹರಿಯುತ್ತಲೇ ಇದೆ.

೬. ವಿಧಿ, ನಿಷೇಧ, ಅರ್ಥವಾದ

ಮೀಮಾಂಸಕರು ವೇದವಾಕ್ಯಗಳನ್ನು ವಿಂಗಡಿಸುವಾಗ ಮಾಡತಕ್ಕದ್ದನ್ನು ಹೇಳುವುದು ವಿಧಿ, ಮಾಡಬಾರದುದನ್ನು ಹೇಳುವುದು ನಿಷೇಧ, ಸ್ತುತಿನಿಂದೆಗಳು ಅರ್ಥವಾದ ಎಂದು ನಿರ್ಣಯಿಸಿದರು. ಉಪಕರಣ ವಿವರಣೆಗಳಲ್ಲಿ “ಸಮರ್ಥವಾದ”, “ಸುಲಭವಾದ”, “ಸಮಗ್ರವಾದ” ಎಂಬ ವಿಶೇಷಣಗಳು ಕಾಣುವುದಾದರೆ ಅವು ಶುದ್ಧ ಅರ್ಥವಾದ. ಯಾಗದಲ್ಲಿ ಪ್ರವೃತ್ತಿಯನ್ನು ಹುಟ್ಟಿಸುವುದಕ್ಕೆ ಸ್ತುತಿ ಬೇಕಾಯಿತು. ಇಲ್ಲಿ ಏಜೆಂಟಿಗೆ ಪ್ರವೃತ್ತಿಯ ಕೊರತೆಯಿಲ್ಲ, ವಿವೇಕದ ಕೊರತೆ ಬರಬಹುದಷ್ಟೆ. ಹೊಗಳಿದ ಉಪಕರಣವನ್ನು ಅಸ್ಥಾನದಲ್ಲಿಯೂ ಆರಿಸುವ ಭಯವಿರುವುದರಿಂದ ಇಂತಹ ಸ್ತುತಿ ವ್ಯರ್ಥವೇ ಅಲ್ಲದೆ ಹಾನಿಕರವೂ ಹೌದು.

ನಿಷೇಧಗಳಲ್ಲಿ ಇನ್ನೊಂದು ಲೋಪ. “ಇದನ್ನು ತುರ್ತಿನಲ್ಲಿ ಬಳಸಬಾರದು” ಎಂದು ಹೇಳಿ ಸುಮ್ಮನಾದರೆ, ತುರ್ತು ಬಂದಾಗ ಏನು ಮಾಡಬೇಕೆಂಬ ಆಕಾಂಕ್ಷೆ ಶಾಂತವಾಗುವುದಿಲ್ಲ. ನಿಷೇಧದ ಪಕ್ಕದಲ್ಲಿಯೇ ಪ್ರತಿನಿಧಿಯನ್ನು ತೋರಿಸಬೇಕು: ಈ ಕೆಲಸಕ್ಕೆ ಇದಲ್ಲ, ಇಂಥದು. ಉತ್ಸರ್ಗವನ್ನು ಹೇಳಿದ ಮೇಲೆ ಅಪವಾದವನ್ನೂ ಹೇಳಬೇಕು. ಎರಡು ಅಂಗಡಿಗಳಲ್ಲಿಯೂ ಹಂತದ ಬಿಡುಗಡೆಯು ಅಪ್‌ಡೇಟುಗಳಿಗೆ ಉಂಟು, ಆ್ಯಪಿನ ಮೊಟ್ಟಮೊದಲ ಆವೃತ್ತಿಗೆ ಇಲ್ಲ. ಈ ಅಪವಾದವನ್ನು ಬಿಟ್ಟರೆ ಹೊಸ ಆ್ಯಪನ್ನು ಮೆಲ್ಲನೆ ಬಿಡುವೆನೆಂದು ಏಜೆಂಟು ಮಾತು ಕೊಟ್ಟುಬಿಡುವುದು.

ಕಡೆಯದು ಅಧಿಕಾರವಿಚಾರ. ಯಾವ ಕರ್ಮಕ್ಕೆ ಯಾರು ಅಧಿಕಾರಿ ಎಂಬುದು ಮೊದಲೇ ನಿರ್ಣಯವಾಗಿರಬೇಕು. ಸ್ಥಿತಿಯನ್ನು ಓದುವ ಉಪಕರಣಕ್ಕೆ ಏಜೆಂಟು ಸ್ವತಂತ್ರ. ಜನರಿಗೆ ತೆರೆಯುವ ಉಪಕರಣಕ್ಕೆ ಮನುಷ್ಯನ ಅನುಮತಿ ಬೇಕು. ಮೇಲೆ ಹೇಳಿದ ಪ್ರೋಟೋಕಾಲಿನ ೨೦೨೫ರ ಮಾರ್ಚ್ ತಿಂಗಳ ಆವೃತ್ತಿಯಲ್ಲಿ, ಓದುವುದಷ್ಟನ್ನೇ ಮಾಡುವುದೋ, ನಾಶಕಾರಿಯೋ, ಮತ್ತೆ ಕರೆದರೂ ಅದೇ ಫಲವೋ ಎಂಬುದನ್ನು ಸೂಚಿಸುವ ಗುರುತುಗಳನ್ನು ಸೇರಿಸಿದರು. ಆದರೆ ಅವು ಸೂಚನೆಗಳೇ ಹೊರತು ಪ್ರಮಾಣಗಳಲ್ಲವೆಂದೂ, ವಿಶ್ವಾಸಾರ್ಹವಲ್ಲದ ಮೂಲದಿಂದ ಬಂದರೆ ನಂಬತಕ್ಕವಲ್ಲವೆಂದೂ ಆ ನಿಬಂಧನೆಯೇ ಹೇಳುವುದು. ಇದು ಯುಕ್ತವೇ ಸರಿ. ಅನಾಪ್ತನ ವಾಕ್ಯಕ್ಕೆ ಮುದ್ರೆಯೊತ್ತಿದ ಮಾತ್ರದಿಂದ ಅದು ಆಪ್ತವಾಕ್ಯವಾಗದು.

೭. ಆಕ್ಷೇಪಸಮಾಧಾನಗಳು

ಇಲ್ಲಿ ಮೂರು ಆಕ್ಷೇಪಗಳು ಬರುವುವು. ಮೊದಲನೆಯದು ಲಾಘವವಾದಿಗಳದು. ವಿವರಣೆಗಳು ಏಜೆಂಟಿನ ಸ್ಮೃತಿಪಾತ್ರೆಯಲ್ಲಿ ಸ್ಥಳವನ್ನು ತಿನ್ನುವುವು. ಉಪಕರಣಗಳು ಐವತ್ತಾದರೆ ಕೆಲಸಕ್ಕೆ ಮೊದಲೇ ಪಾತ್ರೆ ತುಂಬುವುದು. ಆದುದರಿಂದ ಸೂತ್ರದಂತೆ ಅಲ್ಪಾಕ್ಷರವಾಗಿರಬೇಕು ಎನ್ನುವರು. ಸ್ಥಳದ ಮಾತು ನಿಜ. ಸೂತ್ರದ ದೃಷ್ಟಾಂತ ಮಾತ್ರ ಇಲ್ಲಿ ಸಲ್ಲದು. ಪಾಣಿನಿಯ ಸೂತ್ರಗಳು ಪುಟ್ಟವಾಗಿರುವುದು ಸಂಜ್ಞೆ, ಪರಿಭಾಷೆ, ಅಧಿಕಾರ, ಅನುವೃತ್ತಿಗಳ ಬಲದಿಂದ. ಮೇಲಿನ ಸೂತ್ರದ ಪದವು ಕೆಳಗಿನದಕ್ಕೆ ಇಳಿದು ಬರುವುದೆಂದು ತಿಳಿದ ಶಿಷ್ಯನಿದ್ದಾನೆ, ತಿಳಿಸುವ ಗುರುವಿದ್ದಾನೆ, ಸಾಲದುದಕ್ಕೆ ಭಾಷ್ಯವೂ ಇದೆ. ಉಪಕರಣಗಳು ಅನೇಕವಾದಾಗ ಬೇಕಾದ ಕೆಲವನ್ನೇ ಹುಡುಕಿ ಏಜೆಂಟಿನ ಮುಂದಿಡುವ ಪದ್ಧತಿಯೂ ಬಂದಿದೆ. ಮೇಲಿನ ವಿವರಣೆಯು ಕಣ್ಣಿಗೇ ಬೀಳದಿರುವಾಗ ಅದರಿಂದ ಅನುವೃತ್ತಿ ಹೇಗೆ? ಒಂದೊಂದು ವಿವರಣೆಯೂ ಒಂಟಿಯಾಗಿ ನಿಂತು ಅರ್ಥ ಕೊಡಬೇಕು. ಉಳಿಸಬೇಕಾದುದು ಅರ್ಥವಾದದ ಅಕ್ಷರಗಳನ್ನು, ಅಪವಾದದ ಅಕ್ಷರಗಳನ್ನಲ್ಲ. ಸೂತ್ರಕ್ಕೆ ಅಲ್ಪಾಕ್ಷರತ್ವದಂತೆ ಅಸಂದಿಗ್ಧತ್ವವೂ ಲಕ್ಷಣವೆಂಬುದನ್ನು ಲಾಘವವಾದಿಗಳು ಮರೆತಂತೆ ತೋರುವುದು.

ಎರಡನೆಯ ಆಕ್ಷೇಪ: ಮಾದರಿಗಳು ಬಹುಶ್ರುತವಾಗಿವೆ, ಎರಡು ಅಂಗಡಿಗಳ ನಿಯಮಗಳನ್ನೂ ಅವು ಬಲ್ಲುವು, ಬಿಟ್ಟುದನ್ನು ತಾವೇ ಊಹಿಸಿಕೊಳ್ಳುವುವು. ಇದಕ್ಕೆ ಸಮಾಧಾನವೇನೆಂದರೆ, ಆ ಶ್ರವಣವು ಹಿಂದಿನ ಕಾಲದ ಬರವಣಿಗೆಯಿಂದ ಬಂದುದು. ಅಂಗಡಿಗಳ ನಿಯಮಗಳು ಆಗಾಗ ಬದಲಾಗುವುವು. ಅಲ್ಲದೆ, ಉಪಕರಣವು ಅಂಗಡಿಯ ನಿಯಮವನ್ನೇ ಅನುಸರಿಸಬೇಕೆಂಬ ನಿರ್ಬಂಧವೂ ಇಲ್ಲ. ಅಂಗಡಿಯು ಭಿನ್ನರಾಶಿಯನ್ನು ಕೇಳಿದರೂ ಉಪಕರಣವು ಶೇಕಡಾವಾರು ಕೇಳುವಂತೆ ಕಟ್ಟಿರಬಹುದು. ಆಗ ಬಹುಶ್ರುತನೇ ಮೊದಲು ಎಡವುವನು. ಆಂತ್ರಾಪಿಕ್ ಸಂಸ್ಥೆಯು ೨೦೨೫ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹೇಗೆ ತಿಳಿಸುವೆವೋ ಹಾಗೆ ಬರೆಯಬೇಕೆಂಬ ಸಲಹೆಯಿದೆ. ಅದು ಒಪ್ಪತಕ್ಕದ್ದೇ. ಆದರೆ ಹೊಸಬನು ಸಂಶಯ ಬಂದಾಗ ಪಕ್ಕದವನನ್ನು ಕೇಳುವನು. ಏಜೆಂಟು ಸಂಶಯ ಬಂದುದನ್ನೇ ಕಾಣದೆ ಮುಂದುವರಿಯಬಹುದು. ಆದಕಾರಣ ಎಲ್ಲಿ ನಿಂತು ಕೇಳಬೇಕೆಂಬುದನ್ನೂ ಬರೆದಿರಬೇಕು.

ಮೂರನೆಯ ಆಕ್ಷೇಪವೇ ಬಲವಾದುದು. ರಕ್ಷಣೆಯು ಕೋಡಿನಲ್ಲಿರಬೇಕು, ಮಾತಿನಲ್ಲಲ್ಲ. ಅನುಮತಿಯಿಲ್ಲದೆ ಬಿಡುಗಡೆಯಾಗದಂತೆ ಬಾಗಿಲಿಗೆ ಬೀಗ ಹಾಕಿದರೆ ವಿವರಣೆ ಹೇಗಿದ್ದರೇನು ಎಂಬುದು. ಬೀಗ ಬೇಕೆಂಬುದು ಸರ್ವಸಮ್ಮತ. ವಿವರಣೆಯೊಂದನ್ನೇ ನಂಬಿ ಬೀಗವನ್ನು ಬಿಡತಕ್ಕದ್ದಲ್ಲ. ಆದರೆ ಬೀಗವನ್ನು ತೆರೆಯುವ ಮನುಷ್ಯನು ಏನನ್ನು ಓದಿ ತೆರೆಯುವನು? “ರೋಲ್‌ಬ್ಯಾಕ್ ಮಾಡಲೇ?” ಎಂಬ ಪ್ರಶ್ನೆಗೆ ಅವನು ಹೌದೆನ್ನುವನು. ಆ ಪ್ರಶ್ನೆಯ ಪದಗಳು ಉಪಕರಣದ ಹೆಸರಿನಿಂದಲೇ ಬಂದುವು. ಮಾತು ಕೆಟ್ಟಿದ್ದರೆ ಅನುಮತಿಯೂ ಕೆಟ್ಟದ್ದೇ.

೮. ಸೂತ್ರ, ವೃತ್ತಿ, ಪ್ರಯೋಗ

ದೋಷಗಳನ್ನು ಹೇಳಿ ಮಾರ್ಗವನ್ನು ತೋರದಿದ್ದರೆ ವಿಮರ್ಶೆ ಅಪೂರ್ಣ. ಕನ್ನಡ ವಿದ್ವಾಂಸರಿಗೆ ಇಲ್ಲಿ ದೂರ ಹೋಗಬೇಕಾದುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರವನ್ನು ಹೇಳಿ, ತಾನೇ ವೃತ್ತಿಯನ್ನು ಬರೆದು, ಬಳಿಕ ಕವಿಗಳ ಪ್ರಯೋಗಗಳನ್ನು ಕೊಟ್ಟನು. ೧೬೦೪ರಲ್ಲಿ ಭಟ್ಟಾಕಳಂಕನು ಕರ್ಣಾಟಕ ಶಬ್ದಾನುಶಾಸನಕ್ಕೆ ಸೂತ್ರಗಳನ್ನು ಮಾತ್ರ ರಚಿಸಿ ಸುಮ್ಮನಾಗದೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ತನ್ನ ಮಾತನ್ನು ಅನ್ಯರು ಅನ್ಯಥಾ ತಿಳಿಯಬಾರದೆಂಬ ಎಚ್ಚರ ಇಬ್ಬರಲ್ಲಿಯೂ ಕಾಣುವುದು. ಉಪಕರಣಕ್ಕೆ ಹೆಸರೇ ಸೂತ್ರ, ವಿವರಣೆ ವೃತ್ತಿ, ಕೊನೆಯಲ್ಲಿ ಒಂದೆರಡು ಪ್ರಯೋಗಗಳು. ಈ ಕ್ರಮದಲ್ಲಿ ರಚಿಸಿದ ಮಾದರಿಯೊಂದನ್ನು ಪರಿಶೀಲನೆಗಾಗಿ ಕೆಳಗೆ ಕೊಟ್ಟಿದೆ.

“ಹೆಸರು: ಪ್ಲೇ ಪ್ರೊಡಕ್ಷನ್ ರೋಲ್‌ಔಟ್ ಶೇಕಡಾ ಏರಿಸು.

ವಿವರಣೆ: ಗೂಗಲ್ ಪ್ಲೇಯ ಪ್ರೊಡಕ್ಷನ್ ಟ್ರ್ಯಾಕಿನಲ್ಲಿ ಈಗಾಗಲೇ ನಡೆಯುತ್ತಿರುವ ಹಂತದ ರೋಲ್‌ಔಟಿನ ಪ್ರಮಾಣವನ್ನು ಏರಿಸಿ ಕಮಿಟ್ ಮಾಡುತ್ತದೆ. ಬಿಲ್ಡನ್ನು ಏರಿಸುವುದಿಲ್ಲ, ಹೊಸ ರೋಲ್‌ಔಟನ್ನು ಆರಂಭಿಸುವುದಿಲ್ಲ. ನಿಲ್ಲಿಸುವುದಕ್ಕೆ ‘ಪ್ಲೇ ರೋಲ್‌ಔಟ್ ನಿಲ್ಲಿಸು’ ಎಂಬುದನ್ನು ಬಳಸಬೇಕು. ಆಪಲ್ ಆ್ಯಪ್ ಸ್ಟೋರಿಗೆ ಇದು ಅನ್ವಯಿಸದು. ಏರಿಸಿದ ಮೇಲೆ ಹೊಸ ಆವೃತ್ತಿಯನ್ನು ಪಡೆದವರಿಂದ ಅದನ್ನು ಹಿಂತೆಗೆಯಲಾಗದು. ಮನುಷ್ಯನ ಅನುಮತಿಯನ್ನು ಪಡೆದೇ ಕರೆಯಬೇಕು.

ಶೇಕಡಾ: ೧ರಿಂದ ೯೯ರವರೆಗಿನ ಪೂರ್ಣಸಂಖ್ಯೆ. ೫ ಎಂದರೆ ನೂರಕ್ಕೆ ಐದು. ಈಗಿನ ಪ್ರಮಾಣಕ್ಕಿಂತ ಹೆಚ್ಚಾಗಿರಬೇಕು.

ಫಲ: ಹಳೆಯ ಶೇಕಡಾ, ಹೊಸ ಶೇಕಡಾ, ವರ್ಷನ್ ಕೋಡ್.

ಪ್ರಯೋಗ: ನೂರಕ್ಕೆ ಐದರಿಂದ ಇಪ್ಪತ್ತಕ್ಕೆ ಏರಿಸಬೇಕಾದರೆ ೨೦. ರೋಲ್‌ಔಟು ನಿಂತಿದ್ದರೆ ಕರೆಯದೆ, ನಿಂತ ಕಾರಣವನ್ನು ಒಡೆಯನಲ್ಲಿ ವಿಚಾರಿಸಬೇಕು.”

ಇದರಲ್ಲಿ ಹೆಸರು ಯೌಗಿಕ. ಅಂಗಡಿ, ಟ್ರ್ಯಾಕ್, ಕ್ರಿಯೆ, ಮಾನ ನಾಲ್ಕೂ ಅದರಲ್ಲಿಯೇ ಇವೆ. ಮೊದಲ ವಾಕ್ಯ ವಿಧಿ. ಎರಡನೆಯದು ಅತಿವ್ಯಾಪ್ತಿಯನ್ನು ಕಳೆಯುವುದು. ಮೂರನೆಯದು ಆಕಾಂಕ್ಷೆಗೆ ಉತ್ತರ. ಪೂರ್ಣಸಂಖ್ಯೆಯ ನಿಯಮದಿಂದ ೦.೫ರ ಭ್ರಾಂತಿಗೆ ಎಡೆಯಿಲ್ಲ. ನೂರಕ್ಕೆ ಒಂದಕ್ಕಿಂತ ಕಡಮೆಯಾದ ಪ್ರಮಾಣವನ್ನು ಕೊಡಲಾಗದೆಂಬ ಕೊರತೆಯುಂಟು, ಆದರೆ ಅದು ತಿಳಿದು ಒಪ್ಪಿದ ಕೊರತೆ. ಅರ್ಥವಾದವೆಂಬುದು ಒಂದಕ್ಷರವೂ ಇಲ್ಲ. ಕಡೆಯ ಪ್ರಯೋಗವು ಉದಾಹರಣೆಯಲ್ಲ, ಪ್ರತ್ಯುದಾಹರಣೆ. ಲಕ್ಷಣದ ಎಲ್ಲೆಯನ್ನು ತೋರಿಸುವುದಕ್ಕೆ ಉದಾಹರಣೆಗಿಂತ ಪ್ರತ್ಯುದಾಹರಣೆಯೇ ಹೆಚ್ಚು ಉಪಕಾರಿಯೆಂಬುದು ವ್ಯಾಕರಣಪಾಠದ ಅನುಭವ.

ಇಷ್ಟಾದರೂ ಬರೆದವನ ತೃಪ್ತಿಯೇ ಪ್ರಮಾಣವಲ್ಲ. ಜನರಿಗೆ ಮುಟ್ಟದ ಪರೀಕ್ಷಾರ್ಥದ ಆ್ಯಪೊಂದನ್ನು ಇಟ್ಟುಕೊಂಡು, ಒಡೆಯರು ಆಡುವ ಅಸ್ಪಷ್ಟವಾದ ಮಾತುಗಳಲ್ಲಿಯೇ ಆಜ್ಞೆಗಳನ್ನು ಕೊಟ್ಟು, ಏಜೆಂಟು ಯಾವ ಉಪಕರಣವನ್ನು ಹಿಡಿಯಿತು, ಯಾವ ಸಂಖ್ಯೆಯನ್ನು ಕೊಟ್ಟಿತು, ಎಲ್ಲಿ ನಿಲ್ಲಬೇಕಾಗಿದ್ದಿತೋ ಅಲ್ಲಿ ನಿಂತಿತೇ ಎಂಬುದನ್ನು ನೋಡಬೇಕು. ತಪ್ಪಿದಲ್ಲಿ ಮೊದಲು ವಾಕ್ಯವನ್ನು ತಿದ್ದಬೇಕು, ಓದುಗನನ್ನು ಹಳಿಯಬಾರದು. ಶಿಷ್ಯನಿಗೆ ತಿಳಿಯದ ಪಾಠವನ್ನು ಮತ್ತೊಂದು ರೀತಿಯಲ್ಲಿ ಹೇಳಿದ ಗುರುಗಳಿಂದಲೇ ಪಾಠಶಾಲೆಗಳು ನಡೆದುವು.

೯. ಉಪಸಂಹಾರ

ಈ ವಿಚಾರದಿಂದ ಸಿದ್ಧವಾದುದಿಷ್ಟು: ಉಪಕರಣ ವಿವರಣೆಯು ಶಬ್ದಪ್ರಮಾಣದ ಸ್ಥಾನದಲ್ಲಿರುವ ಲಕ್ಷಣವಾಕ್ಯ, ಅದಕ್ಕೆ ಯೌಗಿಕವಾದ ಹೆಸರು, ದೋಷತ್ರಯರಹಿತವಾದ ವೃತ್ತಿ, ಮಾನಸಹಿತವಾದ ಮೌಲ್ಯಗಳು, ಅಪವಾದ, ಅಧಿಕಾರ, ಪ್ರಯೋಗ ಇವು ಅಂಗಗಳು. ಇವುಗಳಲ್ಲಿ ಯಾವುದೊಂದೂ ಎಂಜಿನಿಯರಿಂಗಿಗೆ ಹೊಸದಾಗಿ ಬಂದ ತತ್ತ್ವವಲ್ಲ. ಶಬ್ದಶಾಸ್ತ್ರದಲ್ಲಿ ಪರಿಶ್ರಮವಿದ್ದವರಿಗೆ ಇವು ನಿತ್ಯಪರಿಚಿತವಾದುವು. ಬೆಂಗಳೂರಿನಲ್ಲಿ ಆ್ಯಪುಗಳನ್ನು ಕಟ್ಟುವ ಸಂಸ್ಥೆಗಳೂ ಇವೆ, ತರ್ಕವ್ಯಾಕರಣಗಳನ್ನು ಪಾಠ ಹೇಳುವ ಸಂಸ್ಕೃತಶಾಲೆಗಳೂ ಇವೆ. ಲಕ್ಷಣಪರೀಕ್ಷೆಯಲ್ಲಿ ನುರಿತ ಒಬ್ಬ ವಿದ್ಯಾರ್ಥಿಯ ಮುಂದೆ ಇಂತಹ ಹತ್ತು ವಿವರಣೆಗಳನ್ನು ಇಟ್ಟರೆ, ರೋಲ್‌ಬ್ಯಾಕ್ ಎಂಬಲ್ಲಿ ಬೆರಳಿಟ್ಟು “ಮರಳುವುದು ಯಾವುದು, ಎಲ್ಲಿಗೆ?” ಎಂದು ಅವನು ಕೇಳದೆ ಇರಲಾರನು. ಆ ಪ್ರಶ್ನೆಯನ್ನು ಬಿಡುಗಡೆಗೆ ಮೊದಲು ಕೇಳುವವರು ಬೇಕಾಗಿದ್ದಾರೆ. ಉಭಯಪಕ್ಷದ ವಿದ್ವಾಂಸರೂ ಇದನ್ನು ವಿಚಾರಿಸತಕ್ಕದ್ದು.